ಮುರಕಲ್ಲಿನ ಕಪ್ಪೆಯ ವಂಶಾವಳಿ



ಬ್ರಹ್ಮಾವರದಿಂದ ಕುಂದಾಪುರ, ಬೈಂದೂರುಗಳವರೆಗೆ ಗದ್ದೆ ಬೈಲು ದಾಟಿ ಮೂಡಕ್ಕೆ ಹತ್ತಿದರೆ ಅಲ್ಲಲ್ಲಿ ಮುರಕಲ್ಲಿನ ಬೋಳು ಹಾಸು ಎದುರಾಗುತ್ತದೆ. ಬೇಸಿಗೆಯಲ್ಲಿ ಕಾದ ಬಂಡೆ, ಮಳೆಗಾಲದಲ್ಲಿ ನೀರು ನಿಂತ ಹುಲ್ಲುನೆಲ. ಜನರ ಬಾಯಲ್ಲಿ ಅದು ಪಾಳುಜಾಗ. ಕಲ್ಲು ಕಡಿಯಲಿಕ್ಕಷ್ಟೇ ಯೋಗ್ಯ. ಬ್ರಹ್ಮಾವರದ ನೆರೆಯ ಮಣಿಪಾಲದಲ್ಲಿ ಇಂಥದೇ ನೆಲದಲ್ಲಿ ಸಿಕ್ಕ ಪುಟ್ಟ ಕಪ್ಪೆಯೊಂದನ್ನು ಕೆ.ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ.ವಿ. ಗುರುರಾಜ ಮೊದಲಾದವರು 2016ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಮುರಕಲ್ಲಿನ ಇಂಗ್ಲಿಷ್ ಹೆಸರನ್ನೇ ಇಟ್ಟು ಅದನ್ನು 'ಮೈಕ್ರೊಹೈಲಾ ಲ್ಯಾಟರೈಟ್' ಎಂದು ಕರೆದರು. ಉದ್ದ ಸುಮಾರು 1.6 ಸೆಂಟಿಮೀಟರ್. ಕೂಗು ಕೇಳಿದವರು ಜೀರುಂಡೆಯೆಂದೇ ತಿಳಿಯಬೇಕು.

ಇದರ ಹತ್ತಿರದ ಜಾತಿಯ 'ಮೈಕ್ರೊಹೈಲಾ ಆರ್ನೇಟ' ಎಂಬ ಕಪ್ಪೆ 1841ರಿಂದಲೂ ವಿಜ್ಞಾನಕ್ಕೆ ಪರಿಚಿತ. ಹಾಗಿರುವಾಗ ಇದು ಬೇರೆಯೆಂದು ಹೇಳುವುದು ಹೇಗೆ? ಮೈಯ ಅಳತೆ ನೋಡಿದರು, ಕೂಗನ್ನು ಧ್ವನಿಮುದ್ರಿಸಿ ಹೋಲಿಸಿದರು. ಮೂರನೆಯ ಸಾಕ್ಷಿ ಡಿಎನ್‌ಎ.

ಈ ಮೂರನೆಯ ಸಾಕ್ಷಿಯನ್ನು ತಿಳಿಯಲು ಬ್ರಹ್ಮಾವರದ ಸಂತೆಯ ಮಾತೇ ಸಾಕು. ತುಳು ಮತ್ತು ಕುಂದಾಪ್ರ ಕನ್ನಡ ಕೂಡುವ ಸೀಮೆ ಅದು. ಕನ್ನಡದ 'ಮೂರು' ತುಳುವಿನಲ್ಲಿ 'ಮೂಜಿ', ತೆಲುಗಿನಲ್ಲಿ 'ಮೂಡು', ತಮಿಳಿನಲ್ಲಿ 'ಮೂನ್ಱು'. 'ಮೂ' ಎಂಬ ಮೊದಲ ಭಾಗ ಎಲ್ಲೆಡೆ ಉಳಿದಿದೆ. ಅದರಿಂದ ಇವೆಲ್ಲ ಒಂದೇ ಮನೆತನದವು ಎಂದು ಗುರುತು ಸಿಗುತ್ತದೆ. ಕೊನೆಯ ಭಾಗ ಬದಲಾಗಿದೆ. ಅದರಿಂದ ಯಾವುದು ಎಷ್ಟು ದೂರ ಸರಿಯಿತೆಂದು ಅಳೆಯಬಹುದು. ಉಳಿದದ್ದು, ಬದಲಾದದ್ದು ಎರಡೂ ಬೇಕು.

ಡಿಎನ್‌ಎಯಲ್ಲಿಯೂ ಹೀಗೆಯೇ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಇಲ್ಲದೆ ಜೀವಕೋಶ ಬದುಕದು. ಅದರ ಮುಖ್ಯ ಭಾಗದಲ್ಲಿ ತಪ್ಪು ನುಸುಳಿದರೆ ಆ ಜೀವಿ ಸಂತತಿ ಉಳಿಸುವುದು ಕಷ್ಟ. ಆದ್ದರಿಂದ ಆ ಭಾಗದ ಅಕ್ಷರಗಳು ಕೋಟ್ಯಂತರ ವರ್ಷ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತವೆ. ನಡುನಡುವೆ ಅಷ್ಟು ಬಿಗಿಯಿಲ್ಲದ ಭಾಗಗಳಲ್ಲಿ ಬದಲಾವಣೆಗಳು ಸೇರುತ್ತಾ ಹೋಗುತ್ತವೆ. ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿಯೇ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯ ಎಂಬ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಗಳಿಗಿಂತ ಬೇರೆಯೇ ಒಂದು ಮೂಲ ಶಾಖೆಯೆಂದು ತೋರಿಸಿದರು.

ಕಪ್ಪೆಗಳಲ್ಲಿ ಸಾಮಾನ್ಯವಾಗಿ ಓದುವುದು ಮೈಟೊಕಾಂಡ್ರಿಯದ 16ಎಸ್ ಜೀನ್. ಅದೂ ರೈಬೋಸೋಮಿಗೆ ಸೇರಿದ್ದೇ. ಬದಲಾಗದ ಭಾಗಗಳಿಗೆ ಅಂಟುವ ಒಂದು ಜೋಡಿ ಡಿಎನ್‌ಎ ತುಣುಕುಗಳನ್ನು ಬಳಸಿ ಆ ಜೀನಿನ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡುತ್ತಾರೆ. ಎಂದೂ ಕಾಣದ ಕಪ್ಪೆಯಾದರೂ ಈ ತುಣುಕುಗಳಿಗೆ ಹಿಡಿತ ಸಿಗುತ್ತದೆ. ಆಮೇಲೆ ಬದಲಾದ ಅಕ್ಷರಗಳನ್ನು ಸಾಲುಸಾಲಾಗಿ ಹೊಂದಿಸಿ ವಂಶವೃಕ್ಷ ಬರೆಯುತ್ತಾರೆ. ಮಣಿಪಾಲದ ಕಪ್ಪೆಯನ್ನು ಹೀಗೆ ನೋಡಿದಾಗ ಅದು ಬಂಧುಗಳಿಂದ ಬೇರ್ಪಟ್ಟ ತನ್ನದೇ ಕೊಂಬೆಯಲ್ಲಿ ನಿಂತಿತು. ಒಂದೇ ಜೀನ್ ಇಡೀ ಕಥೆ ಹೇಳದು. ಆದುದರಿಂದಲೇ ಅಳತೆ, ಕೂಗುಗಳ ಸಾಕ್ಷ್ಯವೂ ಬೇಕಾಯಿತು.

ಅದು ವಾಸಿಸುವ ಪ್ರದೇಶ 150 ಚದರ ಕಿಲೋಮೀಟರಿಗೂ ಕಡಿಮೆಯೆಂದು ಲೆಕ್ಕಹಾಕಿದ ಸಂಶೋಧಕರು, ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕೆಂದು ಸೂಚಿಸಿದರು. ಕಾಡಿಗೆ ಸಿಗುವ ರಕ್ಷಣೆ ಬೋಳು ಬಂಡೆಗೆ ಸಿಗುವುದಿಲ್ಲ. ಒಂದು ಕೊಂಬೆ ಕವಲೊಡೆಯಲು ಅಸಂಖ್ಯ ಮಳೆಗಾಲಗಳು ಬೇಕು; ಅದು ನಿಂತ ಮುರಕಲ್ಲನ್ನು ಯಂತ್ರವೊಂದು ಕೆಲವೇ ದಿನಗಳಲ್ಲಿ ಕೊಯ್ದು ಮುಗಿಸಬಲ್ಲದು. ಪಾಳು ಎಂಬ ಮಾತನ್ನು ಆಡುವ ಮೊದಲು, ಮಳೆಗಾಲದ ಒಂದು ರಾತ್ರಿ ಅಲ್ಲಿ ನಿಂತು ಕಿವಿಗೊಡುವುದು ಒಳ್ಳೆಯದು.