ನೆಲದ ತಿರುವನ್ನು ಹಿಡಿದ ರೇಖೆ



ಶಿವಮೊಗ್ಗದ ಕೋಟೆಯ ಬದಿಯಲ್ಲಿ ತುಂಗೆಯೂ ಭದ್ರಾವತಿಯಲ್ಲಿ ಭದ್ರೆಯೂ ಹರಿದು ಕೂಡಲಿಯಲ್ಲಿ ಒಂದಾಗುವ ಈ ಸೀಮೆಯಲ್ಲಿ, ನೆಲದ ಏರಿಳಿತವನ್ನು ಅರಿಯದೆ ಕಾಲುವೆ ತೋಡಿದವರಿಲ್ಲ, ಗದ್ದೆಗೆ ನೀರು ಹಾಯಿಸಿದವರಿಲ್ಲ. ಆದರೂ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಗುಣಾನುಸಾರವಾಗಿ ವರ್ಗೀಕರಿಸಿ ಕಂದಾಯವನ್ನು ಗೊತ್ತುಮಾಡಿದ ಶಿಸ್ತಾಗಲಿ, 1863ರಲ್ಲಿ ಮೈಸೂರು ಸೀಮೆಯಲ್ಲಿ ಮೊದಲಾಗಿ ಎಕರೆ ಗುಂಟೆಗಳ ಲೆಕ್ಕವನ್ನು ಒದಗಿಸಿದ ಮೋಜಣಿಯಾಗಲಿ ಲಕ್ಷ್ಯವಿಟ್ಟುದು ಫಲವತ್ತತೆ ವಿಸ್ತೀರ್ಣಗಳ ಮೇಲೆಯೇ ಹೊರತು ಎತ್ತರದ ಮೇಲಲ್ಲ.

ಎತ್ತರವನ್ನು ಕಾಗದಕ್ಕೆ ಇಳಿಸುವ ಯತ್ನದ ಚರಿತ್ರೆ ಬೇರೆ. ಸ್ಕಾಟ್ಲೆಂಡಿನ ಷಿಹಾಲಿಯನ್ ಬೆಟ್ಟದ ಮೇಲೆ 1774ರಲ್ಲಿ ಆರಂಭವಾದ ಅಳತೆಗಳನ್ನು ಕ್ರೋಡೀಕರಿಸುವಾಗ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ಸಮಾನ ಎತ್ತರದ ಬಿಂದುಗಳನ್ನು ಗೆರೆಗಳಿಂದ ಕೂಡಿಸಿದನು. 1870ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಇನ್ನೂ ಮುಂದೆ ಹೋಗಿ, ಬೆಟ್ಟದ ನೆತ್ತಿಯ ಮೇಲೆ ನೀರನ್ನು ಇಬ್ಭಾಗಿಸುವ ಸಾಲು, ಕಣಿವೆಯಲ್ಲಿ ನೀರನ್ನು ಕೂಡಿಸುವ ಸಾಲು, ಇವೆರಡರ ಆಧಾರದಿಂದ ಭೂಮುಖವನ್ನೆಲ್ಲ ವಿಭಾಗಿಸಬಹುದೆಂದು ವಿವರಿಸಿದನು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮಿಲ್ಲರ್ ಮತ್ತು ಅವರ ಸಹೋದ್ಯೋಗಿ, ಹೆದ್ದಾರಿಗಳ ವಿನ್ಯಾಸಕ್ಕೋಸ್ಕರ, ನೆಲವನ್ನು ಅಂಕಿಗಳ ಸಮೂಹವಾಗಿ ಗಣಕಯಂತ್ರಕ್ಕೆ ಒಪ್ಪಿಸುವ ಮಾದರಿಯನ್ನು ಮುಂದಿಟ್ಟರು. 1970ರ ದಶಕದಲ್ಲಿ ಕೆನಡಾದ ಥಾಮಸ್ ಪೊಯಿಕರ್ ಮೊದಲಾದವರು ಅಸಮಾನ ತ್ರಿಕೋನಗಳ ಜಾಲದಿಂದ ನೆಲವನ್ನು ರೂಪಿಸುವ ಕ್ರಮವನ್ನು ಬೆಳೆಸಿದರು.

ಸಮಸ್ಯೆ ಹುಟ್ಟಿದುದು ಅಲ್ಲಿಯೇ. ಯಂತ್ರವು ಸಮೀಪದ ಬಿಂದುಗಳನ್ನು ಕೂಡಿಸಿ ತ್ರಿಕೋನ ಕಟ್ಟುವುದೇ ಹೊರತು ನೆಲ ಎಲ್ಲಿ ತಿರುಗುವುದೆಂದು ಅರಿಯದು. ಕಾಲುವೆಯ ಒಂದು ದಂಡೆಯಿಂದ ಮತ್ತೊಂದು ದಂಡೆಗೆ ತ್ರಿಕೋನ ಚಾಚಿಕೊಂಡರೆ ನಡುವಣ ತೋಡು ಮುಚ್ಚಿಹೋಗುತ್ತದೆ, ಕೆರೆಯ ಏರಿಯನ್ನು ಅಡ್ಡಹಾಯ್ದರೆ ಏರಿಯೇ ಒಡೆದಂತಾಗುತ್ತದೆ. ಬ್ರೇಕ್‌ಲೈನ್ ಎಂಬ ರೇಖೆಯ ಕೆಲಸ ಇದನ್ನು ತಡೆಯುವುದು. ದಂಡೆಯ ನೆತ್ತಿ, ಬುಡ, ತಳ, ರಸ್ತೆಯಂಚು, ಬೆಟ್ಟದ ಸಾಲು, ಇವುಗಳ ಉದ್ದಕ್ಕೆ ಎತ್ತರವನ್ನು ಗುರುತಿಸಿ ಒಂದಕ್ಕೊಂದು ಜೋಡಿಸಿದ ಈ ರೇಖೆಯನ್ನು ಯಾವ ತ್ರಿಕೋನವೂ ದಾಟಬಾರದೆಂಬ ನಿಯಮವನ್ನು ಗಣಕಕ್ಕೆ ವಿಧಿಸಲಾಗುತ್ತದೆ. ತ್ರಿಕೋನಗಳ ಅಂಚುಗಳು ರೇಖೆಯನ್ನೇ ಅನುಸರಿಸುವುದರಿಂದ ಇಳಿಜಾರು ತಿರುಗುವ ಎಡೆ ಮಾದರಿಯಲ್ಲಿಯೂ ಹಾಗೆಯೇ ಉಳಿಯುತ್ತದೆ.

ಎತ್ತರದ ಅಳತೆ ಮುಂದೆ ಆಕಾಶದಿಂದಲೂ ನಡೆಯಿತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆಯೊಂದು 11 ದಿನಗಳಲ್ಲಿ ರೇಡಾರ್‌ನಿಂದ ಭೂಮಿಯ ಬಹುಭಾಗವನ್ನು ಅಳೆಯಿತು. 2005ರಲ್ಲಿ ನಮ್ಮ ಕಾರ್ಟೋಸ್ಯಾಟ್-1 ಉಪಗ್ರಹವು ಜೋಡಿ ಚಿತ್ರಗಳಿಂದ ಎತ್ತರವನ್ನು ಅರಿಯುವ ಸೌಕರ್ಯವನ್ನು ತಂದಿತು. ಆದರೆ ಸುಮಾರು 30 ಮೀಟರಿಗೊಂದು ಎತ್ತರವನ್ನು ಹೇಳುವ ಜಾಲದಲ್ಲಿ ಶಿವಮೊಗ್ಗದೊಳಗಿನ ತುಂಗಾ ನಾಲೆಯಂಥ ಕಿರಿದಾದ ತೋಡು ಸಿಕ್ಕುವುದು ದುರ್ಲಭ. 2019ರ ಆಗಸ್ಟಿನ ನೆರೆಯಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದುದನ್ನು ಕಂಡ ನಮಗೆ, ಒಂದು ದಂಡೆಯ ಎತ್ತರ ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಂದುಗಳ ಬಾಹುಳ್ಯವೊಂದರಿಂದಲೇ ನಕಾಶೆ ಸತ್ಯವಾಗದು. ಆದುದರಿಂದ ನೆರೆಯ ನಕಾಶೆಯನ್ನು ಸಿದ್ಧಪಡಿಸುವವರು ನಾಲೆಯ ದಂಡೆಗಳನ್ನೂ ಕೆರೆಯ ಏರಿಗಳನ್ನೂ ನಡೆದು ನೋಡಿ, ನೀರುಗಂಟಿಗಳನ್ನು ಕೇಳಿ, ಆ ಮೇಲೆ ರೇಖೆಯನ್ನು ಎಳೆಯಬೇಕೆಂಬುದೇ ನನ್ನ ವಿಜ್ಞಾಪನೆ.