ಕಣ್ಣೀರೊರೆಸುವವರ ಕೂಲಿ



ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಡ ರೋಗಿಯೂ ತನ್ನ ಜಿಲ್ಲೆಯಲ್ಲೇ ಸರಕಾರಿ ಚಿಕಿತ್ಸೆ ಪಡೆಯುವುದು ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸಾರಿದೆ.

ಆದರೆ ಈ ಹಕ್ಕನ್ನು ಮನೆಬಾಗಿಲಿಗೆ ತಲುಪಿಸುವ ಆಪ್ತ ಸಮಾಲೋಚಕರು, ದಾದಿಯರು, ಸಮಾಜ ಕಾರ್ಯಕರ್ತರಲ್ಲಿ ಅನೇಕರು ಗುತ್ತಿಗೆಯವರು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರಲ್ಲಿ ರಾಜ್ಯದಲ್ಲಿ ಖಾಯಮಾತಿ ಕೋರಿ ಮುಷ್ಕರ ಹೂಡಬೇಕಾಯಿತು. ಒಂದೇ ಬಗೆಯ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ತಿಂಗಳುಗಟ್ಟಲೆ ಮೌನವಾಗಿದ್ದ ಹೆಣ್ಣುಮಗಳೊಬ್ಬಳು ಒಬ್ಬ ದಾದಿಯ ಮುಂದೆ ಬಾಯಿ ಬಿಡುತ್ತಾಳೆ. ಸಂಬಳ ಸಾಲದೆ ಆ ದಾದಿ ಕೆಲಸ ಬಿಟ್ಟರೆ, ಹೊಸಬರ ಮುಂದೆ ಆಕೆ ಎಲ್ಲವನ್ನೂ ಮತ್ತೆ ಹೇಳಿಕೊಳ್ಳುವಳೇ? ಅಲ್ಲಿಗೆ ಚಿಕಿತ್ಸೆಯೇ ನಿಲ್ಲುತ್ತದೆ. ಅವರ ಸಂಬಳದ ಪ್ರಶ್ನೆ ನಮ್ಮ ಮನೆಗಳ ಪ್ರಶ್ನೆಯೂ ಹೌದು.

ನಾವೂ ತಪ್ಪಿತಸ್ಥರೇ. ರೋಗವನ್ನು ಬಚ್ಚಿಟ್ಟೆವು, ತಾಯತಕ್ಕೆ ಹಣ ಸುರಿದೆವು. ನಮ್ಮ ನೋವು ಆಲಿಸಿದವರ ಕೂಲಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ದುಡಿದವನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ಕೇಳುತ್ತಾ ಬೆಳೆದವರು ನಾವು. ಕಣ್ಣೀರೊರೆಸುವವರ ಕೂಲಿಗಾಗಿ ಶಾಸಕರ ಬಾಗಿಲು ತಟ್ಟುವ ಹೊಣೆಯೂ ನಮ್ಮದೇ.