ನಾಯಿಗೆ ಪೆಟ್ಟಾದಾಗ



ಇವತ್ತು ನಾವು ಮನೆಯ ನಾಯಿಯ ಬಗ್ಗೆ ಮಾತಾಡೋಣ. ನಾಯಿಗೂ ಒಂದು ಪಾಠವೇ ಅಂತ ನಗಬೇಡಿ. ಅದಕ್ಕೆ ಅನ್ನ ಹಾಕುವವರು ಯಾರು? ನಾವು. ರಾತ್ರಿ ಅದು ಬೊಗಳಿದರೆ ಎದ್ದು ಬಾಗಿಲು ನೋಡುವವರು ಯಾರು? ನಾವು. ಅದಕ್ಕೆ ಪೆಟ್ಟಾದಾಗ ಮನೆಯಲ್ಲಿ ಇರುವವರೂ ಹೆಚ್ಚಾಗಿ ನಾವೇ.

ಬನಶಂಕರಿ ದೇವಸ್ಥಾನದ ಮುಂದಿನ ಕನಕಪುರ ರಸ್ತೆ ನಮಗೆಲ್ಲ ಗೊತ್ತು. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಜನ ಬರುತ್ತಾರೆ. ಬಸ್ಸು, ಆಟೋ, ಸ್ಕೂಟರು ಬಿಡುವಿಲ್ಲದೆ ಓಡುತ್ತವೆ. ಮನೆಯ ಗೇಟು ತೆರೆದಾಗ ನಾಯಿ ರಸ್ತೆಗೆ ಓಡಿತು ಅಂದುಕೊಳ್ಳೋಣ. ಗಾಡಿ ಬಡಿಯಿತು. ನಾಯಿ ಚೀರುತ್ತಾ ಬಿದ್ದಿತು. ಆಗ ಏನು ಮಾಡೋದು?

ಅಳು ಬರುತ್ತದೆ. ಬರಲಿ. ಆದರೆ ಕೈ ಕೆಲಸ ಮಾಡುತ್ತಿರಲಿ.

ಮೊದಲು ನಮ್ಮ ಜೀವ ಕಾಪಾಡಿಕೊಳ್ಳೋಣ. ಒಬ್ಬರು ಗಾಡಿಗಳನ್ನು ನಿಲ್ಲಿಸಲಿ. ಇನ್ನೊಬ್ಬರು ನಾಯಿಯ ಹತ್ತಿರ ಹೋಗಲಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ನಾವೇ ಸಾಕಿದ ನಾಯಿ, ಕಚ್ಚೋದಿಲ್ಲ ಅಂತ ನಂಬಬೇಡಿ. ನೋವು ತಡೆಯಲಾರದೆ ಅದು ಯಾರನ್ನಾದರೂ ಕಚ್ಚೀತು. ಬಟ್ಟೆಯ ಪಟ್ಟಿಯಿಂದ ಅದರ ಮೂತಿ ಕಟ್ಟಿ. ಒಂದು ಸುತ್ತು ಸುತ್ತಿ, ಗಲ್ಲದ ಕೆಳಗೆ ತಂದು, ಕಿವಿಯ ಹಿಂದೆ ಗಂಟು ಹಾಕಿ. ಆದರೆ ನಾಯಿಗೆ ಉಸಿರಾಡಲು ಕಷ್ಟವಿದ್ದರೆ, ವಾಂತಿ ಆಗುತ್ತಿದ್ದರೆ, ಮೂತಿಗೇ ಪೆಟ್ಟಾಗಿದ್ದರೆ ಕಟ್ಟಬೇಡಿ.

ಅಕಸ್ಮಾತ್ ಕಚ್ಚಿದರೆ? ಗಾಯವನ್ನು ಸೋಪು, ನೀರು ಹಾಕಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಿ. ಹುಚ್ಚುನಾಯಿ ರೋಗ ಬರದಂತೆ ತಡೆಯಲು ಚುಚ್ಚುಮದ್ದು ಇದೆ. ರೋಗ ಬಂದ ಮೇಲೆ ಜೀವ ಉಳಿಯೋದಿಲ್ಲ.

ರಕ್ತ ಸೋರುತ್ತಿದೆಯೇ? ಶುದ್ಧವಾದ ಬಟ್ಟೆ ಮಡಿಸಿ ಗಾಯದ ಮೇಲೆ ಒತ್ತಿ ಹಿಡಿಯಿರಿ. ನಿಂತಿತೇ ಅಂತ ಪದೇ ಪದೇ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಗಾಯ ಕೆಡುತ್ತದೆ.

ಕಾಲು ಹಿಡಿದು ಎಳೆಯಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಹಲಗೆ ಇದ್ದರೆ ಹಲಗೆ, ಇಲ್ಲದಿದ್ದರೆ ದಪ್ಪ ಕಂಬಳಿ ತನ್ನಿ. ಇಬ್ಬರು ಸೇರಿ ನಿಧಾನವಾಗಿ ಅದರ ಮೇಲೆ ಸರಿಸಿ, ಎತ್ತಿ.

ನೀರು, ಹಾಲು, ಅನ್ನ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ನಾವು ಜ್ವರಕ್ಕೆ, ಮೈಕೈ ನೋವಿಗೆ ನುಂಗುವ ಮಾತ್ರೆಯನ್ನೂ ಕೊಡಬೇಡಿ. ಅದು ನಾಯಿಗೆ ವಿಷವಾಗಬಹುದು.

ಕೆಲವು ಸಲ ಬಿದ್ದ ನಾಯಿ ತಾನೇ ಎದ್ದು ನಡೆಯುತ್ತದೆ. ಸದ್ಯ, ಏನೂ ಆಗಲಿಲ್ಲ ಅಂತ ಸುಮ್ಮನಾಗಬೇಡಿ. ಅದರ ತುಟಿ ಎತ್ತಿ ವಸಡು ನೋಡಿ. ಸಾಮಾನ್ಯವಾಗಿ ವಸಡು ಗುಲಾಬಿ ಬಣ್ಣ ಇರುತ್ತದೆ. ಬಿಳಚಿಕೊಂಡಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಆಗ ಒಂದು ನಿಮಿಷವೂ ತಡ ಮಾಡಬಾರದು. ವಸಡು ಚೆನ್ನಾಗಿ ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಲೇಬೇಕು.

ಎಲ್ಲಿಗೆ ಹೋಗೋದು? ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. 1958ರಲ್ಲಿ ಶುರುವಾದದ್ದು. ಅಲ್ಲಿ ಆಸ್ಪತ್ರೆಯೂ ಇದೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಆದರೆ ಬನಶಂಕರಿ ಇರೋದು ಊರಿನ ದಕ್ಷಿಣಕ್ಕೆ, ಹೆಬ್ಬಾಳ ಉತ್ತರಕ್ಕೆ. ನಡುವೆ ಇಡೀ ಬೆಂಗಳೂರು. ಆದ್ದರಿಂದ ಹತ್ತಿರದ ಪಶುವೈದ್ಯರು ಯಾರು, ರಾತ್ರಿ ಬಾಗಿಲು ತೆರೆದಿರುವವರು ಯಾರು ಅಂತ ಇವತ್ತೇ ಕೇಳಿ ಇಟ್ಟುಕೊಳ್ಳೋಣ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆ. ಆದರೂ ಫೋನ್ ಮಾಡಿ ದಾರಿ ಕೇಳಬಹುದು.

ಆಸ್ಪತ್ರೆಯಲ್ಲಿ ಸಲೈನ್ ಹಾಕುತ್ತಾರೆ. ಎಕ್ಸ್-ರೇ ತೆಗೆಯುತ್ತಾರೆ. ಆಪರೇಷನ್‌ಗೆ ಮೊದಲು ಒಂದು ಕಾಗದ ಕೊಟ್ಟು ಸಹಿ ಕೇಳುತ್ತಾರೆ. ಹಿಂದೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದೋಣ. ತಿಳಿಯದ ಮಾತು ಇದ್ದರೆ ಬೆರಳಿಟ್ಟು ತೋರಿಸಿ ಕೇಳೋಣ. ನಾಯಿ ಉಳಿಯುತ್ತದೆಯೇ? ಖರ್ಚು ಎಷ್ಟು? ಮನೆಗೆ ಬಂದ ಮೇಲೆ ಆರೈಕೆ ಏನು? ನಮ್ಮ ಕೈಯಲ್ಲಿ ಇಷ್ಟೇ ದುಡ್ಡಿದೆ ಅಂತ ಹೇಳಲು ನಾಚಿಕೆ ಬೇಡ. ಹೇಳಿದರೆ ಡಾಕ್ಟರು ಅದಕ್ಕೆ ತಕ್ಕ ದಾರಿ ಯೋಚಿಸಬಹುದು.

ಎಷ್ಟು ಮಾಡಿದರೂ ಕೆಲವು ನಾಯಿ ಉಳಿಯೋದಿಲ್ಲ. ಉಳಿಯುವ ಆಸೆಯಿಲ್ಲ, ನೋವು ಮಾತ್ರ ಇದೆ ಅನ್ನುವಾಗ, ನೋವಿಲ್ಲದ ಸಾವಿನ ಚುಚ್ಚುಮದ್ದಿನ ಮಾತನ್ನು ಡಾಕ್ಟರು ಎತ್ತಬಹುದು. ಒಪ್ಪಿಕೊಳ್ಳೋದು ಕಷ್ಟ. ಮನೆಯವರೆಲ್ಲ ಕೂತು ಮಾತಾಡಿ. ಒಪ್ಪಿದರೆ ಅದು ಕೈಬಿಟ್ಟಂತೆ ಅಲ್ಲ.

ಒಂದು ನಾಯಿಗೆ ಇಷ್ಟು ಅಳೋದೇ ಅಂತ ಯಾರಾದರೂ ಅಂದಾರು. ಅವರಿಗೆ ಕಾಳಿಯ ಕಥೆ ಹೇಳಿ. ಇದು ಕಲ್ಲಿನ ಮೇಲೆ ಕನ್ನಡದಲ್ಲೇ ಕೆತ್ತಿರುವ ಕಥೆ. ಮದ್ದೂರು ತಾಲ್ಲೂಕಿನ ಆತಕೂರಿನದು. ಸುಮಾರು ಕ್ರಿ.ಶ. 949ರ ಕಾಲ. ಮಣಲೆರ ಅಂತ ಒಬ್ಬ ವೀರ. ತಕ್ಕೋಲದ ಯುದ್ಧದಲ್ಲಿ ಅವನ ಸಾಹಸವನ್ನು ದೊರೆ ಮೆಚ್ಚಿದ. ಏನು ಬೇಕು ಕೇಳು ಅಂದ. ಮಣಲೆರ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆಮೇಲೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಅಂದು ಸಲೈನ್ ಇರಲಿಲ್ಲ, ಎಕ್ಸ್-ರೇ ಇರಲಿಲ್ಲ. ಅವರ ಕೈಲಾದದ್ದು ಕಲ್ಲು ನಿಲ್ಲಿಸೋದು. ನಮ್ಮ ಕೈಲಿ ಇನ್ನೂ ಹೆಚ್ಚು ಆಗುತ್ತದೆ.

ಈಗ ನಿಮ್ಮ ನೋಟ್‌ಬುಕ್ ತೆಗೆಯಿರಿ. ಮನೆಯ ನಾಯಿಯ ಹೆಸರು ಬರೆಯಿರಿ. ಅದಕ್ಕೆ ಲಸಿಕೆ ಹಾಕಿಸಿದ ತಾರೀಖು ಬರೆಯಿರಿ. ಹತ್ತಿರದ ಪಶುವೈದ್ಯರ ಫೋನ್ ನಂಬರ್ ಬರೆಯಿರಿ. ರಾತ್ರಿ ಕರೆದರೆ ಬರುವ ಆಟೋದವರ ನಂಬರ್ ಬರೆಯಿರಿ. ಆ ಹಾಳೆಯನ್ನು ಬಾಗಿಲ ಹಿಂದೆ, ಮಕ್ಕಳಿಗೂ ಕಾಣುವಂತೆ ಅಂಟಿಸಿ.